ಗುಡಿಯ ಮುಂದಿನ ಗೂಳಿ

"ಇನ್ನೊಮ್ಮೆ ಹಚ್ಚು," ಎಂದ ಸಿದ್ದಾರೂಢ.

"ಸಾಕ್ರಿ ಸಾಹೇಬ್ರ. ಆಯಿಗೆ ತ್ರಾಸ ಆಗಾಕತ್ತದ." ಮಾಂತು ಫೋನನ್ನು ಎದೆಗೆ ಅವಚಿಕೊಂಡ.

"ತ್ರಾಸ ಆಕಿಗೋ ನಿನಗೋ? ಹಚ್ಚಪಾ ಸುಮ್ನ."

ಮಾಂತು ಹಚ್ಚಿದ. ಪುಣೆಯ ದೇಹೂ ರೋಡಿನ ಆ ಎರಡು ಕೋಣೆಯ ಮನೆಯಲ್ಲಿ ಮತ್ತೆ ಮುದುಕಿಯ ದನಿ ಎದ್ದಿತು. ಹಿಂದೆ ತಾಳದ ಕಿಣಿಕಿಣಿ, ಮುಂದೆ ಜೋಳದ ರೊಟ್ಟಿಯಷ್ಟು ಒರಟಾದ, ಅಷ್ಟೇ ರುಚಿಯಾದ ಹಾಡು:

ಅಣ್ಣಾನ ಹೊಲದಾಗ ಹಾಲ್ಗಾಳ ಬಿಳಿಜ್ವಾಳ
ಗುಡಿಯ ಮುಂದಿನ ಗೂಳೀಗಿ – ಒಂದು ತೆನಿ
ಬಿಟ್ಟಾರ ರಾಶಿ ಉಕ್ಕೇತ

ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ ಮಾಂತುನ ಅಜ್ಜಿ ಗೌರಾಬಾಯಿಯ ಎಡಗೈ ಎದ್ದು ಕಂಬಿಗೆ ಫಟ್ಟನೆ ಬಡಿಯಿತು. ಎರಡನೇ ಸಾಲಿಗೆ ಸರಿಯಾಗಿ. ಹಿಂದಿನ ಸಲವೂ ಅಲ್ಲೇ ಬಡಿದಿದ್ದಳು. ಲಕ್ವಾ ಹೊಡೆದು ಬಲಗೈಯನ್ನೂ ಮಾತನ್ನೂ ಕಳೆದುಕೊಂಡ ಮುದುಕಿ. ಉಳಿದ ಒಂದು ಕೈಯಲ್ಲಿ ಏನನ್ನೋ ಹೇಳುತ್ತಿದ್ದಳು. ಏನನ್ನು ಎಂಬುದೇ ಸಿದ್ದಾರೂಢನಿಗೆ ಹತ್ತಲಿಲ್ಲ.

ಹತ್ತದಿರುವುದಕ್ಕೆ ಅವನಿಗೆ ಸಿಟ್ಟೂ ಬಂದಿತು. ಪುಣೆಯ ಕನ್ನಡ ಮನೆಗಳ ಲಗ್ನದ ವಿಚಾರಣೆ ಮಾಡಿಯೇ ತಲೆಗೂದಲು ಬೆಳ್ಳಗೆ ಮಾಡಿಕೊಂಡ ಪತ್ತೇದಾರ ಅವನು. ವರ ಕುಡಿಯುತ್ತಾನೋ, ಹಿಂಜವಾಡಿಯ ಐಟಿ ನೌಕರಿ ಖರೆಯೋ, ಫ್ಲ್ಯಾಟು ಸ್ವಂತದ್ದೋ ಬಾಡಿಗೆಯದ್ದೋ, ಒಂದು ಕಪ್ಪು ಚಹಾ ಕುಡಿಯುವುದರೊಳಗೆ ಹೇಳಿಬಿಡುತ್ತಿದ್ದ. ವಿಡಿಯೊ, ಚಾನೆಲ್ಲು ಎಲ್ಲ ಅವನಿಗೆ ಹೊಸದು. ಆದರೆ ಸುಳ್ಳು ಅವನಿಗೆ ಹಳೆಯ ಬೀಗರಿದ್ದ ಹಾಗೆ, ಬಾಗಿಲಲ್ಲಿ ನಿಂತರೂ ಗುರುತು ಹಿಡಿಯುತ್ತಿದ್ದ.

ಸಂಗತಿ ಇಷ್ಟು: ಮಾಂತು ಹವ್ಯಾಸಕ್ಕೆಂದು ನಡೆಸುತ್ತಿದ್ದ 'ಗೌರಾಯಿ ಬೀಸುಕಲ್ಲು' ಚಾನೆಲ್ಲಿನ ಮೇಲೆ 'ಬೆಳ್ಳಿಗಂಟಿ ಆಡಿಯೋ' ಎಂಬವರು ಮೂರು ದೂರು ಹಾಕಿದ್ದರು. ಈ ದನಿ ನಮ್ಮದು, ಇವನು ಕದ್ದಿದ್ದಾನೆ ಎಂದು. ಇವತ್ತು ಸಂಜೆಯೊಳಗೆ ದೂರು ವಾಪಸಾಗದಿದ್ದರೆ ವಿಡಿಯೊ ಕಂಪನಿ ಚಾನೆಲ್ಲನ್ನೇ ಅಳಿಸಿಹಾಕುತ್ತದೆ.

ಹೋದರೆ ಹೋಗಲಿ, ಇನ್ನೊಂದು ಮಾಡಿಕೊಂಡರಾಯಿತು ಎನ್ನುವಂತಿರಲಿಲ್ಲ. ಫೋನಿನಲ್ಲಿ ಜಾಗ ಸಾಲದೆ, ವಿಡಿಯೊ ಹಾಕಿದ ಮೇಲೆ ಮೂಲವನ್ನು ಮಾಂತು ಅಳಿಸುತ್ತ ಬಂದಿದ್ದ. ಗೌರಾಬಾಯಿ ಹಾಡಿದ್ದು, ಬೈದಿದ್ದು, ನಕ್ಕಿದ್ದು ಎಲ್ಲವೂ ಆ ಚಾನೆಲ್ಲಿನ ಹೊಟ್ಟೆಯಲ್ಲಿ ಮಾತ್ರ ಇತ್ತು. ತಕರಾರು ಮುಗಿಯುವ ತನಕ ಅದಕ್ಕೂ ಬೀಗ. ಮಾಲೀಕನೂ ಒಳಗಿಂದ ಒಂದು ಹಾಡು ತೆಗೆದುಕೊಳ್ಳುವಂತಿರಲಿಲ್ಲ. ಅದು ಅಳಿದರೆ ಈ ಮುದುಕಿಯ ದನಿ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ.

ಈ ವಿಡಿಯೊ ಕಂಪನಿಯ ಕಾಟ ಮಾಂತುಗೆ ಹೊಸದಲ್ಲ. ಹಿಂದೊಮ್ಮೆ ಗೌರಾಬಾಯಿ ಮೊಮ್ಮಗನ ಹೆಂಡತಿಗೆ ರೊಟ್ಟಿ ಕಲಿಸುವ ವಿಡಿಯೊ ಹಾಕಿದ್ದ. "ಬಡಿ, ಬಡಿ, ಇನ್ನೂ ಜೋರು ಬಡಿ, ಅಂಚು ಬಿಡಬ್ಯಾಡ" ಎಂದಿದ್ದಳು ಮುದುಕಿ. ಕಂಪನಿಯ ಯಂತ್ರಕ್ಕೆ ರೊಟ್ಟಿ ಬಡಿಯುವುದು ಎಲ್ಲಿ ಗೊತ್ತು? ಹೆಣ್ಣುಮಗಳ ಮೇಲೆ ಹಲ್ಲೆಗೆ ಪ್ರಚೋದನೆ ಎಂದು ತೀರ್ಮಾನಿಸಿ ಜಾಹೀರಾತು ನಿಲ್ಲಿಸಿತು. ಮಾಂತು ಮನವಿ ಹಾಕಿದ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು: ನಿಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇವೆ. ಆಮೇಲೆ ಚಾನೆಲ್ ಸೊರಗಿತು. "ವಾರಕ್ಕೊಂದು ವಿಡಿಯೊ ತಪ್ಪಿದ್ರ ಮೂಲಿಗೆ ಹಾಕಿಬಿಡತಾರ್ರಿ," ಎನ್ನುತ್ತಿದ್ದ ಮಾಂತು. "ಹಸಕೊಂಡ ದೆವ್ವ ಅದು. ಹಾಕ್ತಾನೇ ಇರಬೇಕು."

ಇವತ್ತು ಬೆಳಗ್ಗೆ ಬೆಳ್ಳಿಗಂಟಿಯವರು ಸಾಕ್ಷಿಗೆಂದು ಕೊಟ್ಟ ಮೂಲ ಹಾಡನ್ನು ಕಂಪನಿ ಕಳಿಸಿತ್ತು. ಕೇಳಿದರೆ ಅದು ಗೌರಾಬಾಯಿಯ ದನಿ.

"ಯಂತ್ರದ ದನಿರೀ ಇದು," ಎಂದ ಮಾಂತು. "ಈಗ ಯಾರ ದನಿ ಬೇಕಾದ್ರೂ ಕಂಪ್ಯೂಟರ್‌ನಾಗ ಮಾಡತಾರ. ನಮ್ಮ ಆಯಿದು ಕದ್ದು, ತಮ್ಮದು ಅನ್ನಾಕತ್ತಾರ."

"ದು... ದು..." ಗೌರಾಬಾಯಿಯ ತುಟಿಯ ಒಂದು ಬದಿ ಮಾತ್ರ ಅಲುಗಿತು.

"ದೂಧ ಕೇಳ್ಲಿಕತ್ತಾಳ," ಎಂದಳು ಸ್ನೇಹಲ್, ಮಾಂತುನ ಹೆಂಡತಿ. ಪುಣೆಯಲ್ಲೇ ಹುಟ್ಟಿ ಬೆಳೆದವಳು; ಅವಳ ಕನ್ನಡ ಅಡುಗೆಮನೆಯಲ್ಲಿ ಶುರುವಾಗಿ ಹೊಸ್ತಿಲಿನಲ್ಲಿ ಮರಾಠಿಯಾಗುತ್ತಿತ್ತು. "ಈ ಹಾಡು ಹಚ್ಚಿದಾಗಿಂದ ಸಾರಖಾ ಅದನ್ನೇ ಅನ್ಲಿಕತ್ತಾಳ. ಆಣತೆ ಹಂ ಆಜಿ, ಗರಮ್ ಮಾಡಿ ತರ್ತೀನಿ."

ಹಾಲು ಬಂತು. ಮುದುಕಿ ಮುಖ ತಿರುಗಿಸಿದಳು. ವಾಟಿ ಉರುಳಿ ಚಾದರದ ಮೇಲೆ ಹಾಲು ಹರಿಯಿತು. ಅವಳ ಕಣ್ಣು ಮಾತ್ರ ಮಾಂತುನ ಕೈಯಲ್ಲಿದ್ದ ಫೋನನ್ನು ಬಿಡಲೇ ಇಲ್ಲ.

ಸಿದ್ದಾರೂಢ ಎದ್ದು ಚಪ್ಪಲಿ ಮೆಟ್ಟಿದ. "ಬೆಳ್ಳಿಗಂಟಿಯವರ ಠಾವು ಸಿಕ್ಕದ, ಮಾಂತು. ಗಣಪತಿ ಮಂಡಳಿಗೆ ಸೌಂಡ್ ಹಚ್ಚೋ ಒಬ್ಬಾಂವ ಹೇಳಿದ. ರಾಂಜಣಗಾಂವನಾಗ ಅದಾರಂತ."

ಮಾಂತುನ ಮುಖ ಸುಣ್ಣ ಬಳಿದ ಗೋಡೆಯಾಯಿತು. "ರಾಂಜಣಗಾಂವ?"

"ಯಾಕ, ಗೊತ್ತಿದ್ದ ಜಾಗನ?"

"ಇವರು ಕೆಲಸ ಮಾಡೋ ಫ್ಯಾಕ್ಟರಿ ಅಲ್ಲೇ ಅದ ಅಲ್ಲ," ಎಂದಳು ಸ್ನೇಹಲ್ ಚಾದರ ಎಳೆಯುತ್ತ.

"ಅಲ್ಲಿ ಗಣಪತಿ ಗುಡಿಗೆ ಬಂದವರೂ ಇರತಾರ, ಫ್ಯಾಕ್ಟರಿಯವರೂ ಇರತಾರ," ಎಂದು ಮಾಂತು ಅವಸರವಾಗಿ ಹೇಳಿದ. "ಸಾಹೇಬ್ರ, ನೀವು ಹೋಗೂದು ಬ್ಯಾಡ. ಮೇಲ್ ಹಾಕೂಣು. ಅಂಥಾ ಮಂದಿ ಜೋಡಿ ಜಗಳ ಯಾಕ?"

"ಸಂಜಿಗೆ ನಿಮ್ಮ ಆಯಿ ದನಿ ಹೋಗತದ ಅಂತ ನಿನ್ನೆ ನನ್ನ ಮುಂದ ಅತ್ತಿ. ಇವತ್ತ ಹೋಗಬ್ಯಾಡ ಅಂತಿ. ಒಂದಕ್ಕ ನಿಲ್ಲಪಾ."

ಸಿದ್ದಾರೂಢ ಮೆಟ್ಟಿಲಿಳಿದು ಹಳೇ ಕಾರು ಚಾಲೂ ಮಾಡಿದ. ಹೆದರಿದವರು ಹೀಗೆ ಹಿಂದೇಟು ಹಾಕುವುದುಂಟು ಎಂದುಕೊಂಡ. ಆ ಸಮಾಧಾನ ಅವನಿಗೇ ಅರ್ಧಂಬರ್ಧ ಅನಿಸಿತು.

ಊರು ದಾಟುವುದರೊಳಗೆ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡ. ನೆತ್ತಿಯ ಮೇಲಿದ್ದ ಹೊತ್ತು ಆಗಲೇ ವಾಲತೊಡಗಿತ್ತು. ಫೋನು ಬಡಿದುಕೊಂಡಿತು. ಹೆಂಡತಿ ಕಸ್ತೂರಿಬಾಯಿ.

"ಏನ್ರಿ, ಊಟಕ್ಕ ಬರ್ತೀರೋ ಇಲ್ಲೋ? ಅಡಗಿ ತಯಾರ್ ಅದ."

"ಸಿದ್ಧ ಅದ ಅನ್ನು. ಲಗ್ನಾಗಿ ಇಷ್ಟ ವರ್ಷ ಆದ್ವು, ಒಮ್ಮೆರ ನಿನ್ನ ಬಾಯಿಂದ ಕೇಳೂಣು."

"ಹುಚ್ಚ ಹಿಡದದೇನು? ಬಾಯಾಗ ಹುಳ ಬೀಳತಾವ." ಕಸ್ತೂರಿಬಾಯಿ ನಕ್ಕಳು. ಗಂಡನ ಹೆಸರಿನ ಮೊದಲ ಅಕ್ಷರಗಳು ಬರುತ್ತವೆಂದು ಅವಳು ಸಿದ್ಧ ಎಂಬ ಪದವನ್ನೇ ಬಾಳಿನಿಂದ ಹೊರಗಿಟ್ಟಿದ್ದಳು. ಅಡುಗೆ ತಯಾರಾಗುತ್ತಿತ್ತು, ಮಕ್ಕಳು ಶಾಲೆಗೆ ರೆಡಿಯಾಗುತ್ತಿದ್ದರು, ಯಾವುದೂ ಸಿದ್ಧವಾಗುತ್ತಿರಲಿಲ್ಲ.

ಸಿದ್ದಾರೂಢನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹಿಂದಿನ ಲಾರಿಯವ ಮರಾಠಿಯಲ್ಲಿ ಅವನ ಮನೆತನವನ್ನೆಲ್ಲ ನೆನೆಸಿದ. ಅವನು ಕಾರನ್ನು ಬದಿಗೆ ಹಚ್ಚಿದ.

"ಕಸ್ತೂರಿ, ನೀ ಗೌರಾಬಾಯಿ ಹಾಡು ದಿನಾ ಹಚ್ಚತಿದ್ದಿ ಅಲ್ಲ? ಅಣ್ಣಾನ ಹೊಲದಾಗ ಅಂತ ಒಂದು ಅದ."

"ಅದನ? ಭಾಳ ಚಂದ ಹಾಡತಾಳ ಬಾಯಿ."

"ಎರಡನೇ ಸಾಲು ಹೆಂಗ ಅದ? ಅನ್ನು."

ಕಸ್ತೂರಿಬಾಯಿ ಗಂಟಲು ಸರಿಮಾಡಿಕೊಂಡು ಹಾಡಿದಳು: "ಗುಡಿಯ ಮುಂದಿನ ಬಸವಣ್ಣಗ, ಒಂದು ತೆನಿ..."

"ಬಸವಣ್ಣಗ? ಗೂಳೀಗಿ ಅಲ್ಲ?"

"ಹೌದಲ್ಲ, ನಮ್ಮವ್ವ ಗೂಳೀಗಿ ಅಂತಿದ್ದಳು. ಈ ಬಾಯಿ ಬಸವಣ್ಣಗ ಅಂತಾಳ. ಯಾಕ್ರಿ?"

ಮಾಂತುನ ಮನೆಯ ಗೋಡೆಯ ಮೇಲೆ ಗಂಧದ ಮಾಲೆ ಹಾಕಿದ ಒಂದು ಪಟವಿತ್ತು. ರುಮಾಲು, ದಪ್ಪ ಮೀಸೆ, ಕೆಳಗೆ ಬಿಳಿ ಅಕ್ಷರದಲ್ಲಿ ಹೆಸರು. ಸಿದ್ದಾರೂಢ ಅದನ್ನು ಹೋದಾಗಲೆಲ್ಲ ನೋಡಿದ್ದ: ಕೈಲಾಸವಾಸಿ ಗೂಳಪ್ಪ. ಗೌರಾಬಾಯಿಯ ಗಂಡ.

ಗಂಡ ಸತ್ತು ಬಹುಕಾಲವಾದರೂ ಹೆಸರು ಹೆಸರೇ. ಗೌರಾಬಾಯಿ ಗೂಳಿ ಎನ್ನುವವಳಲ್ಲ. ಹೊಲಕ್ಕೆ ಗೂಳಿ ನುಗ್ಗಿದರೂ ಬಸವಣ್ಣ ಬಂತು ಎಂದೇ ಕೂಗಿಯಾಳು. ಹಾಗಿದ್ದ ಮೇಲೆ ಸಾಕ್ಷಿಯ ಹಾಡಿನಲ್ಲಿ ಅಳುಕಿಲ್ಲದೆ ಗೂಳೀಗಿ ಎಂದವಳು ಗೌರಾಬಾಯಿ ಅಲ್ಲ.

ಯಂತ್ರವೋ? ಯಂತ್ರ ಕದ್ದಿದ್ದರೆ ಕದ್ದಷ್ಟನ್ನೇ ಒಪ್ಪಿಸಬೇಕಿತ್ತು. ಬಸವಣ್ಣನನ್ನು ತೆಗೆದು ಹಳೇ ಗೂಳಿಯನ್ನು ತಂದು ಕಟ್ಟುವ ಬುದ್ಧಿ ಅದಕ್ಕೆಲ್ಲಿಂದ ಬರಬೇಕು? ಹಾಡಿದವಳು ಈ ಹಾಡನ್ನು ಹುಟ್ಟಿನಿಂದ ಬಲ್ಲ ಹೆಂಗಸು. ಗೌರಾಬಾಯಿಯ ದನಿಯವಳು, ಗೂಳಪ್ಪನ ಹೆಂಡತಿಯಲ್ಲದವಳು.

ಆಗ ಅವನಿಗೆ ಆ ಹಾಲು ನೆನಪಾಯಿತು. ದೂಧ! ತನ್ನ ತಲೆಗೆ ತಾನೇ ಒಂದು ಬಡಿದುಕೊಂಡ. ವಿಜಯಪುರದ ಇಂಡಿ ಕಡೆಯ ಮುದುಕಿ ಹಾಲಿಗೆ ದೂಧ ಅಂದಾಳೇ? ನಾಲಿಗೆ ಅರ್ಧ ಸತ್ತರೂ ಉಳಿದರ್ಧ ತವರಿನ ಮಾತನ್ನೇ ಆಡುತ್ತದೆ, ಮೊಮ್ಮಗನ ಹೆಂಡತಿಯ ಮರಾಠಿಯನ್ನಲ್ಲ. ಅವಳು ಹಾಲು ಕೇಳಿರಲಿಲ್ಲ. ಆ ದನಿಯ ಗುರುತು ಹಿಡಿದು ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದಳು, ಮನೆಯವರು ಅವಳ ಬಾಯಿಗೆ ವಾಟಿ ಹಿಡಿಯುತ್ತಿದ್ದರು.

"ಏನ್ರಿ, ಇದ್ದೀರೇನು? ಊಟ?"

"ನೀ ಉಣ್ಣು, ಕಸ್ತೂರಿ. ನನಗ ಇವತ್ತ ಹೊಟ್ಟಿ ತುಂಬ್ಯದ."

ರಾಂಜಣಗಾಂವದಲ್ಲಿ ಬೆಳ್ಳಿಗಂಟಿ ಆಡಿಯೋ ಎಂದರೆ ಫ್ಯಾಕ್ಟರಿಗಳ ರಸ್ತೆಯ ಬದಿಯ ಒಂದು ಶಟರ್ ಅಂಗಡಿ. ಮುಂದೆ ಒಂದರ ಮೇಲೊಂದು ಪೇರಿಸಿದ ಕರಿ ಸ್ಪೀಕರುಗಳು, ಒಳಗೆ ಗೋಡೆಗೆಲ್ಲ ಕೌದಿ ಹೊಡೆದ ಸಣ್ಣ ಕೋಣೆ, ಬಾಗಿಲಿಗೆ ದಪ್ಪ ಪರದೆ. ಮಾಲೀಕ ಹಣಮಂತ್ರಾಯ ಯಾದಗಿರಿ ಕಡೆಯವ. ಮೊದಲು ಕಟ್ಟಡದ ಕೆಲಸಕ್ಕೆ ಬಂದವ, ಈಗ ಮದುವೆಗೂ ಮೆರವಣಿಗೆಗೂ ಸೌಂಡು ಹಚ್ಚುತ್ತಿದ್ದ.

"ಪುಣಾದಿಂದ ಬಂದೀರಿ?" ಎಂದು ಅವನು ಕೂತಲ್ಲಿಂದ ಏಳದೆ ಕೇಳಿದ. "ಆ ಚಾನೆಲ್‌ದಾಂವ ಕಳಿಸ್ಯಾನೇನು?"

"ಹೌದ್ರಿ. ಕಳಿಸ್ಯಾನ ಅನ್ನರಿ, ಬ್ಯಾಡ ಅಂದ್ರೂ ಬಂದೀನಿ ಅನ್ನರಿ."

"ಮತ್ತ ಬಂದ ದಾರಿ ಹಿಡೀರಿ. ದೂರು ವಾಪಸ್ ತಗೊಳ್ಳಲ್ಲ. ಕಳ್ಳತನ ಮಾಡ್ಯಾನ, ಅನುಭವಿಸ್ಲಿ."

"ಯಾರ ಹಾಡ್ರಿ ಅದು?"

"ನಮ್ಮ ಕಂಪನಿದು."

"ಕಂಪನಿಗೆ ಗಂಟಲ ಇರಂಗಿಲ್ಲ. ಹಾಡಿದಾಕಿ ಯಾರು?"

ಹಣಮಂತ್ರಾಯ ಈಗ ಎದ್ದು ನಿಂತ. ಆಳು ಎತ್ತರ, ಕುತ್ತಿಗೆ ಕಂಬದಂಥದು. "ಸಾಹೇಬ್ರ, ವಯಸ್ಸಿಗೆ ಮರ್ಯಾದಿ ಕೊಟ್ಟು ಹೇಳ್ಲತ್ತೀನಿ. ಹೊರಗ ನಡೀರಿ."

ಹೊಡೆದಾಟ ಸಿದ್ದಾರೂಢನ ಜಾತಕದಲ್ಲಿರಲಿಲ್ಲ. ಲಗ್ನದ ವಿಚಾರಣೆಯಲ್ಲಿ ಅಪರೂಪಕ್ಕೊಮ್ಮೆ ಬೀಗರು ಕೈ ಮಾಡಿದ್ದುಂಟು, ಆಗೆಲ್ಲ ಓಡಿದ್ದ. ಈಗ ಓಡಿದರೆ ಸಂಜೆಯಾಗುತ್ತದೆ. ಕೈಯಲ್ಲಿದ್ದ ಒಂದೇ ಅಕ್ಷರವನ್ನು ಎಸೆದು ನೋಡಿದ.

"ಹಾಡಿದಾಕಿ ಹೆಸರು ನಾನೇ ಹೇಳಲೇನು? 'ದು' ಅಂತ ಚಾಲೂ ಆಗತದ."

ಹಣಮಂತ್ರಾಯನ ಕಣ್ಣು ಪರದೆಯ ಕಡೆ ಹೋಗಿ ಬಂತು.

ಪರದೆ ಸರಿಯಿತು. ಒಳಗಿಂದ ಬಂದವಳನ್ನು ನೋಡಿ ಸಿದ್ದಾರೂಢ ಎರಡು ಹೆಜ್ಜೆ ಹಿಂದೆ ಸರಿದ. ಅದೇ ಹಣೆ, ಅದೇ ಮೂಗು, ಅದೇ ಗದ್ದ. ದೇಹೂ ರೋಡಿನ ಮಂಚದ ಮೇಲಿನ ಮುದುಕಿ ಎದ್ದು ನಡೆದು ಬಂದಳೋ ಎನ್ನುವ ಹಾಗೆ. ಇವಳು ತುಸು ಎತ್ತರ, ಬಿಸಿಲಿಗೆ ಕರಕಾದವಳು, ಎರಡೂ ಕೈ ಗಟ್ಟಿಯಾಗಿದ್ದವು.

"ದುರ್ಗಾಬಾಯಿ ನನ್ನ ಹೆಸರು," ಎಂದಳು. "ನಿನಗ ಯಾರು ಹೇಳಿದ್ರು?"

"ನಿಮ್ಮ ಅಕ್ಕ ಹೇಳಿದ್ರಿ."

"ಸತ್ತಾಕಿ ಹೆಂಗ ಹೇಳತಾಳ?"

"ಗೌರಾಬಾಯಿ ಸತ್ತಾರ ಅಂತ ಯಾರಂದ್ರು?"

"ಆಕಿ ಮೊಮ್ಮಗನ ಬಂದು ಹೇಳಿದ. ನಾ ಸ್ನಾನಾ ಮಾಡಿದೆ, ಒಪ್ಪತ್ತು ಹಿಡದೆ, ಇಲ್ಲೇ ಕಾಲನಿಯಾಗ ಐದು ಮಂದಿ ಹೆಣ್ಣಮಕ್ಕಳಿಗೆ ಉಣಸಿದೆ." ಮುದುಕಿಯ ದನಿ ಗಡಸಾಯಿತು. "ಕುಂದರು. ಎಲ್ಲಾ ಕೇಳು. ಕೇಳಿದ ಮ್ಯಾಲೆ ಕಳ್ಳರು ಯಾರಂತ ನೀನ ಹೇಳು."

ಅವಳು ನಿಂತೇ ಹೇಳಿದಳು. ಮನೆಯವರು ಒಪ್ಪದವನ ಜೊತೆ ಹರೆಯದಲ್ಲಿ ಊರು ಬಿಟ್ಟವಳು. ಗೂಳಪ್ಪ ಗುಡಿಯ ಮುಂದೆ ನಿಂತು, ಇವಳು ನಮ್ಮ ಹೊಸ್ತಿಲು ತುಳಿದರೆ ಗೌರಾಬಾಯಿಯನ್ನೂ ಹೊರಗೆ ಹಾಕುತ್ತೇನೆ ಎಂದು ಆಣೆ ಮಾಡಿದ್ದ. ಅಕ್ಕನ ಸಂಸಾರ ಉಳಿಯಲೆಂದು ಇವಳು ತಿರುಗಿ ಹೋಗಲಿಲ್ಲ. ಗಂಡನ ಹಿಂದೆ ಕೂಲಿಗೆ ಅಲೆದು ಕಡೆಗೆ ರಾಂಜಣಗಾಂವದ ಕಾರ್ಮಿಕರ ಕಾಲನಿಗೆ ಬಂದು ಬಿದ್ದಿದ್ದಳು. ಒಂದು ದಿನ ಹಿಟ್ಟಿಗೆ ಜೋಳ ಹಸನು ಮಾಡುತ್ತ ಹಾಡುತ್ತಿದ್ದಾಗ, ಫ್ಯಾಕ್ಟರಿ ಬಸ್ಸಿಗೆ ನಿಂತಿದ್ದ ಒಬ್ಬ ಕಿವಿಗೊಟ್ಟು ಹತ್ತಿರ ಬಂದ.

"ಮಾಂತು," ಎಂದ ಸಿದ್ದಾರೂಢ.

"ಹೂಂ. ನನ್ನ ದನಿ ಕೇಳಿ ಅತ್ತಬಿಟ್ಟ. ಥೇಟ್ ನಮ್ಮ ಆಯಿ ಅಂದ. ನಾ ಊರು ಕೇಳಿದೆ, ಮನಿತನ ಕೇಳಿದೆ, ಗುರುತ ಹತ್ತಿತು. ಗೌರಿ ಹೆಂಗದಾಳ ಅಂದೆ. ಹೋದಳು, ದಿನಕರ್ಮ ಎಲ್ಲಾ ಆಗ್ಯದ, ನೀವು ಬರೂದು ಬ್ಯಾಡ ಅಂದ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಆಯಿ ನೆಪ್ಪಿಗೆ ಅಂತ ನಾಕು ಹಾಡ ಹಾಡ್ರಿ, ಫೋನ್‌ನಾಗ ಇಟ್ಟಕೋತೀನಿ ಅಂದ. ಅಕ್ಕನ ಹೆಸರಿಗೆ ಇಲ್ಲ ಅನ್ನಾಕ ಆಗತದೇನಪಾ? ಹಾಡಿದೆ."

ಹಣಮಂತ್ರಾಯ ಮಾತಿಲ್ಲದೆ ಕಂಪ್ಯೂಟರ್ ತಿರುಗಿಸಿದ. ದೂರು ಬಿದ್ದ ವಿಡಿಯೊ ಕಂಪನಿ ತೆಗೆಯುವ ಮೊದಲೇ ಅವನು ಉಳಿಸಿಕೊಂಡಿದ್ದ. ಬೀಸುಕಲ್ಲಿನ ಮುಂದೆ ಕೂತ ಗೌರಾಬಾಯಿಯ ಚಿತ್ರ, ಅಲುಗದ ಚಿತ್ರ. ಕೆಳಗೆ ಕನ್ನಡದಲ್ಲಿ ಬರೆದಿತ್ತು: ಗೌರಾಯಿಯ ಹೊಸ ಹಾಡು. ಒಳಗಿಂದ ದನಿ ಬಂತು: ಗುಡಿಯ ಮುಂದಿನ ಗೂಳೀಗಿ.

"ನಾವು ಈ ಅವ್ವನ ಹಾಡ ಅದಕ್ಕೂ ಮೊದಲೇ ರೆಕಾರ್ಡ್ ಮಾಡಿಕೊಂಡಿದ್ದೆವ್ರಿ, ನಮ್ಮ ಕಾಲನಿ ಗಣಪತಿ ಮುಂದ," ಎಂದ ಹಣಮಂತ್ರಾಯ. "ಸಾಕ್ಷಿಗೆ ಅದನ್ನೇ ಕೊಟ್ಟೀವಿ. ಕಾಲನಿ ಹುಡುಗ್ಯಾರು ಈ ವಿಡಿಯೊ ತೋರಿಸಿದ ದಿನ ಈ ಅವ್ವ ಕೂಳು ಮುಟ್ಟಲಿಲ್ಲ."

"ಸತ್ತಾಕಿ ಮಾರಿ ಇಟ್ಟು, ಬದುಕಿದಾಕಿ ಬಾಯಿ ಹಚ್ಚ್ಯಾನ," ಎಂದಳು ದುರ್ಗಾಬಾಯಿ. "ವಾರಾ ವಾರಾ ನನ್ನ ಅಕ್ಕನ್ನ ಗೋರ್ಯಾಗಿಂದ ಎಬ್ಬಿಸಿ ಹಾಡಸಾಕತ್ತಾನ. ಆಕಿ ನಿದ್ದಿ ಹೆಂಗ ಮಾಡಬೇಕು? ಅದಕ್ಕ ದೂರು ಕೊಡಸಿದೆ. ಆ ಚಾನೆಲ್ಲ ಮಣ್ಣಾಗ ಹೋಗಲಿ."

ಸಿದ್ದಾರೂಢನ ಕಿವಿ ಕಾದವು. ವರ್ಷಗಟ್ಟಲೆ ಕಂಡವರ ಮನೆಯ ಸುಳ್ಳು ಹೆಕ್ಕಿದವನು, ಚಹಾ ಕೊಟ್ಟು ಕಣ್ಣೀರು ಹಾಕಿದ ತನ್ನ ಗಿರಾಕಿಯ ಮುಂದೆ ಮಣ್ಣು ಮುಕ್ಕಿದ್ದ. ಆಯಿಯ ಮಾತು ನಿಂತಿತು, ಹಸಿದ ದೆವ್ವ ಮಾತ್ರ ವಾರ ವಾರ ಬಾಯಿ ತೆರೆಯಿತು. ಮಾಂತು ಅದರ ಬಾಯಿಗೆ ಇನ್ನೊಬ್ಬಳನ್ನು ತಂದು ಹಾಕಿದ. ಇಬ್ಬರೂ ಭೇಟಿಯಾದರೆ ಗುಟ್ಟು ರಟ್ಟಾಗುತ್ತದೆಂದು ಒಬ್ಬಳನ್ನು ಮಾತಿನಲ್ಲೇ ಕೊಂದ. ಬೆಳಗ್ಗೆ ಸಾಕ್ಷಿಯ ಹಾಡು ಕೇಳಿದ ಗಳಿಗೆಯೇ ದೂರು ಯಾರದೆಂದು ಅವನಿಗೆ ತಿಳಿದಿತ್ತು. ಫೋನನ್ನು ಎದೆಗವಚಿಕೊಂಡದ್ದು ಅದಕ್ಕೆ.

"ದುರ್ಗಾಬಾಯಿ, ಕುಂದರ್ರಿ," ಎಂದ ಅವನು.

"ನಿಂತೀನಿ. ಹೇಳು."

"ಗೌರಾಬಾಯಿ ಬದುಕ್ಯಾರ."

ಅಂಗಡಿಯ ಹೊರಗೆ ಲಾರಿಯೊಂದು ಗೇರು ಬದಲಿಸುತ್ತ ಹೋಯಿತು.

"ಸುಳ್ಳ," ಎಂದಳು ಮುದುಕಿ.

"ಲಕ್ವಾ ಹೊಡದದ. ಮಾತು ಹೋಗ್ಯದ. ಇವತ್ತ ಮುಂಜಾನಿ ನಿಮ್ಮ ಹಾಡ ಕೇಳಿ ಕಂಬಿಗೆ ಕೈ ಬಡದ್ರು. ಗೂಳೀಗಿ ಅಂದಲ್ಲೇ ಬಡದ್ರು, ಎರಡು ಸಲ. ದು, ದು ಅಂತ ಕರದ್ರು. ನಮಗ್ಯಾರಿಗೂ ತಿಳೀಲಿಲ್ಲ."

ದುರ್ಗಾಬಾಯಿ ಸ್ಪೀಕರಿನ ಮೇಲೆ ಕುಸಿದು ಕೂತಳು. ಹಣಮಂತ್ರಾಯ ತೋಳು ಹಿಡಿಯಲು ಹೋದ, ಕೊಡವಿದಳು. ಆಮೇಲೆ ತನ್ನಷ್ಟಕ್ಕೆ ಹೇಳಿಕೊಂಡಳು: "ಆ ಸಾಲು ಬಂದಾಗೆಲ್ಲ ನಾ ಗೂಳಿ ಅಂದು ಆಕಿನ್ನ ಕಾಡಸತಿದ್ದೆ. ಹೊಸದಾಗಿ ಲಗ್ನಾಗಿತ್ತು ಆಕಿದು. ಬೀಸುಕಲ್ಲಿನ ಗೂಟಾ ಕಿತ್ತು ನನ್ನ ಬೆನ್ನಿಗೆ ಬಡೀತಿದ್ದಳು." ಅವಳು ನಕ್ಕಳು, ನಗುತ್ತಲೇ ಅತ್ತಳು.

ಸಿದ್ದಾರೂಢ ಕಾಯುವಷ್ಟು ಹೊತ್ತಿರಲಿಲ್ಲ. ಶಟರಿನೊಳಗೆ ಬಿಸಿಲು ಓರೆಯಾಗಿ ಬಿದ್ದಿತ್ತು. "ಬಾಯಿ, ಆ ಚಾನೆಲ್ಲಿನ್ಯಾಗ ಮಾಂತುನ ಪಾಪನೂ ಅದ, ನಿಮ್ಮ ಅಕ್ಕನ ಖರೇ ದನಿನೂ ಅದ. ಲಕ್ವಾ ಹೊಡಿಯೂಕಿಂತ ಮೊದಲಿಂದು. ಸಂಜಿಗೆ ಅಳಿಸಿದ್ರ ಎರಡೂ ಹೋಗತಾವ. ಆಕಿ ಹಾಡಿದ್ದು ಬ್ಯಾರೆ ಎಲ್ಲೂ ಉಳದಿಲ್ಲ."

"ಬಸವಣ್ಣಗ ಅಂತ ಹಾಡ್ಯಾಳೇನು?"

"ಹೌದ್ರಿ."

ಮುದುಕಿ ಕಣ್ಣೊರೆಸಿಕೊಂಡಳು. "ಹಣಮಂತು, ದೂರು ಹಿಂದ ತಗೋ. ಆ ಕಳ್ಳಗಲ್ಲ, ಗೌರಿಗೆ." ಹಣಮಂತ್ರಾಯ ಕಂಪ್ಯೂಟರಿನ ಮುಂದೆ ಕೂತು ಪುಟ ತೆರೆಯುವುದರೊಳಗೆ ಕೈ ಎತ್ತಿದಳು. "ತಡಿ. ಒಮ್ಮೆ ಒಬ್ಬಾಂವ ಬಂದು ಸತ್ತಾಳ ಅಂದ, ನಂಬಿದೆ. ಈಗ ಇನ್ನೊಬ್ಬಾಂವ ಬಂದು ಬದುಕ್ಯಾಳ ಅಂತಾನ. ಮೊದಲ ಆಕಿ ಮಾರಿ ತೋರಸು."

ನ್ಯಾಯವಾದ ಮಾತು. ಸಿದ್ದಾರೂಢ ಮಾಂತುನ ನಂಬರಿಗೆ ವಿಡಿಯೊ ಕಾಲ್ ಹಚ್ಚಿದ. ರಿಂಗಾಯಿತು, ಆಗುತ್ತಲೇ ಹೋಯಿತು. ದುರ್ಗಾಬಾಯಿ ಅವನ ಹೆಗಲ ಮೇಲಿಂದ ಬಗ್ಗಿ, ತಲೆಗೂದಲು ಸರಿಮಾಡಿಕೊಂಡಳು.

ಫೋನಿನ ಪರದೆಯ ಮೇಲೆ ಸ್ನೇಹಲ್‌ಳ ಮುಖ ಬಂತು. ಅತ್ತು ಕೆಂಪಾಗಿತ್ತು.

"ಕಾಕಾ, ನಾನೇ ಫೋನ್ ಮಾಡ್ಬೇಕು ಅಂತಿದ್ದೆ. ಇವರು ಫೋನ್ ಇಲ್ಲೇ ಬಿಟ್ಟು ಹೋಗ್ಯಾರ."

"ಎಲ್ಲಿಗೆ? ಗೌರಾಬಾಯಿನ್ನ ತೋರಸು ಮೊದಲ."

"ಆಜಿ ಇಲ್ಲ!" ಸ್ನೇಹಲ್ ಫೋನ್ ತಿರುಗಿಸಿದಳು. ಮಂಚ ಬರಿದಾಗಿತ್ತು. ತಲೆದಿಂಬು ನೆಲಕ್ಕೆ ಬಿದ್ದಿತ್ತು, ಚಾದರ ಇರಲಿಲ್ಲ. "ನೀವು ಹೋದ್ರಿ, ಲಗೇಚ್ ಇವರು ಗಾಡಿ ತರಿಸಿದ್ರು. ಆಜಿನ್ನ ಎತ್ತಿಕೊಂಡು ಇಳದ್ರು. ದವಾಖಾನಿಗೆ ಅಂದ್ರು. ನಾ ಬರ್ತೀನಿ ಅಂದೆ, ಬ್ಯಾಡ ಅಂತ ಒದರಿದ್ರು ನನ್ನ ಮ್ಯಾಲೆ. ಕಧೀಚ್ ಹಂಗ ಮಾಡಲ್ಲ ಅವರು."

"ದವಾಖಾನಿಗೆ ಕೇಳಿದೇನು?"

"ಕೇಳಿದೆ. ಬಂದೇ ಇಲ್ಲ ಅಂತಾರ. ಆಜಿ ಔಷಧದ ಗೋಳ್ಯಾ ಎಲ್ಲಾ ಇಲ್ಲೇ ಅವ. ಕಾಕಾ, ಆಜಿ ಹೋಗೋ ಮುಂದ ಬಾಗಿಲ ಹಿಡಕೊಂಡಿದ್ಲು. ಒಂದು ಕೈಲೆ. ಬಿಡಿಸಿಕೊಂಡು ಹೋದ್ರು."

ಹಣಮಂತ್ರಾಯನ ಬೆರಳು ಮೌಸಿನ ಮೇಲೆಯೇ ಇತ್ತು. ಅವನು ಮುದುಕಿಯ ಕಡೆ ನೋಡಿದ.

ದುರ್ಗಾಬಾಯಿ ಆ ಬರಿದಾದ ಮಂಚವನ್ನು ನೋಡುತ್ತಿದ್ದಳು. ಅವಳ ದನಿ ಈಗ ನಡುಗಲಿಲ್ಲ.

"ಹಾಡೂ ಆಮ್ಯಾಲೆ, ದೂರೂ ಆಮ್ಯಾಲೆ. ಏಳು, ಗಾಡಿ ತಗಿ," ಎಂದಳು ಸಿದ್ದಾರೂಢನಿಗೆ. "ಗೌರಿ ಸತ್ತಾಳ ಅಂತ ನನ್ನ ಮುಂದ ಹೇಳ್ಯಾನ ಅಂವ. ಈಗ ಆ ಮಾತು ಖರೆ ಮಾಡಾಕ ಹೊಂಟಾನ."